ಹಡಗು ತದಡಿಯಲ್ಲಿ ನಿಂತ ಮಧ್ಯಾಹ್ನ

ಅರಿಸಿನದ ಬದಲು ಬೇರೆ ಯಾವ ಬಣ್ಣಕ್ಕಾದರೂ ಕೈ ಹಾಕಿದ್ದರೆ ನಾನೂ ಬೊಂಬಾಯಿ ನೋಡಿಬಿಡುತ್ತಿದ್ದೆ. ಇವತ್ತಿಗೂ ಅಡಿಗೆಮನೆಯಲ್ಲಿ ಅರಿಸಿನದ ಡಬ್ಬಿ ಕಂಡರೆ ಒಂದು ಗಳಿಗೆ ಸಿಟ್ಟು ಬರುತ್ತದೆ.

ಆಗ ನಾನು ಹುಣಸೂರು ಬಸ್ ಸ್ಟ್ಯಾಂಡಿನ ಕಿಟಕಿಯಲ್ಲಿ ಕೂತು ಟಿಕೆಟ್ ಕೊಡುತ್ತಿದ್ದೆ. ಕೊಡಗು ತಾನೇ ಒಂದು ರಾಜ್ಯವಾಗಿ, ಮಂಗಳೂರು ಮದರಾಸಿಗೆ, ಕಾರವಾರದ ಕಡೆಯೆಲ್ಲ ಬೊಂಬಾಯಿಗೆ ಸೇರಿದ್ದ ದಿನಗಳು. ಆ ವರ್ಷ ಮಳೆ ಹಿಂದಾಗುತ್ತಿದ್ದಂತೆ ನಮ್ಮ ಬಸ್ಸಿನ ಸಾಹುಕಾರರಿಗೆ ಒಂದು ಯೋಚನೆ ಬಂತು. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ ತಾಲ್ಲೂಕುಗಳಲ್ಲಿ ಕೈಯಲ್ಲಿ ನಾಲ್ಕು ಕಾಸಿದ್ದೂ ಸಮುದ್ರ ಕಾಣದ ಜನ ಬೇಕಾದಷ್ಟಿದ್ದಾರೆ. ಅವರನ್ನು ಬಸ್ಸಿನಲ್ಲಿ ಮಂಗಳೂರಿಗೆ ಕರೆದೊಯ್ದು, ಅಲ್ಲಿಂದ ಸ್ಟೀಮರು ಹತ್ತಿಸಿ, ಬೊಂಬಾಯಿ ತೋರಿಸಿ, ರೈಲಿನಲ್ಲಿ ಊರು ಮುಟ್ಟಿಸಿದರೆ ಹೇಗೆ ಎಂದು.

“ಇದೊಂದು ಗೆಲ್ಲಿಸ್ಕೊಂಡ್ ಬನ್ರೀ,” ಎಂದರು ನನಗೆ. “ಕಿಟಕೀಲಿ ಬೇರೆಯವರನ್ನ ಕೂರಿಸ್ತೀನಿ. ಆಮೇಲಿಂದ ವರ್ಷಾ ವರ್ಷಾ ಟೂರು, ಟೂರಿಗೆಲ್ಲ ನೀವೇ ಯಜಮಾನ್ರು.”

ಆ ಕಿಟಕಿಯ ಕಂಬಿಯ ಹಿಂದೆ ಕೂತು ನನಗೆ ಸಾಕಾಗಿಹೋಗಿತ್ತು. ಈ ಒಂದು ಟೂರು ಸರಿಯಾಗಿ ಮುಗಿದರೆ ಆಚೆಗೆ ಬರುತ್ತೇನೆ ಎನ್ನುವ ಆಸೆಯಲ್ಲಿ ಮಂಗಳೂರಿಗೆ ಮುಂಚೆಯೇ ಒಂದು ಸಲ ಹೋಗಿ ಸ್ಟೀಮರಿನ ಏಜೆಂಟರನ್ನು ಕಂಡು ಎಲ್ಲ ವಿಚಾರಿಸಿಕೊಂಡು ಬಂದೆ. ಸ್ಟೀಮರು ದಾರಿಯಲ್ಲಿ ತದಡಿಯ ಹತ್ತಿರ ಒಂದು ಹಗಲು ಪೂರ್ತಿ ನಿಂತು ಸರಕು ತುಂಬಿಕೊಳ್ಳುತ್ತದಂತೆ. ತದಡಿ ಎಂದರೆ ಅಘನಾಶಿನಿ ಹೊಳೆ ಸಮುದ್ರ ಸೇರುವ ಜಾಗ. ಅಳಿವೆಯಲ್ಲಿ, ಎಂದರೆ ಹೊಳೆಯ ಬಾಯಿಯಲ್ಲಿ, ಮರಳು ಕಟ್ಟಿಕೊಂಡಿರುವುದರಿಂದ ಹಡಗು ಒಳಗೆ ಬರುವುದಿಲ್ಲ. ದೂರದಲ್ಲೇ ಲಂಗರು ಹಾಕುತ್ತದೆ, ಜನ ದೋಣಿಗೆ ಇಳಿದು ದಡಕ್ಕೆ ಹೋಗಬೇಕು. ಸಮುದ್ರ ಉಬ್ಬರದಲ್ಲಿದ್ದರೆ ದೋಣಿ ಸಲೀಸು. ಇಳಿತ ಬಲವಾಯಿತೆಂದರೆ ಯಾವ ದೋಣಿಯವನೂ ಅಳಿವೆ ದಾಟಲು ಒಪ್ಪುವುದಿಲ್ಲ.

ಆ ಒಂದು ಹಗಲಿನಲ್ಲಿ ಜನಕ್ಕೆ ಏನು ತೋರಿಸುವುದು ಎನ್ನುವುದೇ ನನ್ನ ತಲೆನೋವು. ವಿಚಾರಿಸಿದಾಗ ಎರಡು ಸಿಕ್ಕವು. ಎತ್ತಿನ ಗಾಡಿಯಲ್ಲಿ ಗೋಕರ್ಣಕ್ಕೆ ಹೋಗಿ ಬರುವುದು ಒಂದು. ದೋಣಿಯಲ್ಲಿ ಹೊಳೆಯ ಮೇಲಕ್ಕೆ ಹೋಗಿ ಮಿರ್ಜಾನಿನ ಹಳೇ ಕೋಟೆ ನೋಡುವುದು ಇನ್ನೊಂದು. ಎರಡೂ ಬೇಡದವರು ಹಡಗಿನಲ್ಲೇ ಕೂತಿರಬಹುದು. ಗಾಡಿಗೂ ದೋಣಿಗೂ ಮುಂಚಿತವಾಗಿ ಕಾಗದ ಬರೆದು ಹೇಳಿರಬೇಕಾದ್ದರಿಂದ ಯಾರಿಗೆ ಯಾವುದು ಎಂದು ಹುಣಸೂರಿನಲ್ಲೇ ತೀರ್ಮಾನವಾಗಬೇಕಿತ್ತು.

ತೀರ್ಮಾನವಾದದ್ದು ಮರೆತುಹೋಗಬಾರದಲ್ಲ. ಅದಕ್ಕೆ ನಾನು ಒಂದು ಉಪಾಯ ಮಾಡಿದೆ. ನನ್ನ ಹಳೇ ಪಂಚೆಯೊಂದನ್ನು ಹೆಂಡತಿಯ ಕೈಗೆ ಕೊಟ್ಟು, ಒಂದು ಭಾಗವನ್ನು ಅರಿಸಿನದಲ್ಲಿ, ಒಂದು ಭಾಗವನ್ನು ಬಟ್ಟೆಗೆ ಹಾಕುವ ನೀಲಿಯಲ್ಲಿ ಅದ್ದಿಸಿ, ಉಳಿದದ್ದನ್ನು ಬಿಳಿಯಾಗಿಯೇ ಬಿಟ್ಟು, ಉದ್ದುದ್ದ ಪಟ್ಟಿ ಹರಿಸಿಟ್ಟೆ. ಗೋಕರ್ಣದವರಿಗೆ ಹಳದಿ, ಕೋಟೆಯವರಿಗೆ ನೀಲಿ, ಹಡಗಿನಲ್ಲೇ ಇರುವವರಿಗೆ ಬಿಳಿ. ಕೈ ನೋಡಿದರೆ ಸಾಕು, ಯಾರು ಎಲ್ಲಿಗೆ ಎಂದು ದೂರದಿಂದಲೇ ಗೊತ್ತಾಗುತ್ತದೆ. ನನ್ನ ಬುದ್ಧಿಗೆ ನಾನೇ ಬೆನ್ನು ತಟ್ಟಿಕೊಂಡೆ.

ಹೊರಡುವ ಬೆಳಿಗ್ಗೆ ಎಲ್ಲರನ್ನೂ ಬಸ್ಸಿನ ಪಕ್ಕ ನಿಲ್ಲಿಸಿ ಕೇಳುತ್ತ ಬಂದೆ. ಪಿರಿಯಾಪಟ್ಟಣದಿಂದ ಬಂದಿದ್ದ ಯಜಮಾನರು, ಲಿಂಗಪೂಜೆಯಾಗದೆ ಬಾಯಿಗೆ ನೀರು ಮುಟ್ಟಿಸದ ಹಿರಿಯರು, ಮೊದಲಿಗೇ ತಕರಾರು ತೆಗೆದರು. “ಅಂಗೈಮ್ಯಾಲೆ ಲಿಂಗ ಇಟ್ಕಂಡು ಪೂಜೆ ಮಾಡೋರು ಕಣ್ರೀ ನಾವು. ನಮ್ಗೆ ಇನ್ನೊಂದು ಗುಡಿ ಯಾಕ್ರೀ? ನಂಗೆ ಕ್ವಾಟೆ ತೋರ್ಸಿ.”

“ಅಂಗನ್ಬ್ಯಾಡಿ ಯಜಮಾನ್ರೇ,” ಎಂದಿತು ಹಿಂದಿನಿಂದ ಒಂದು ಧ್ವನಿ. ಬಿಳಿಕೆರೆಯಿಂದ ಒಬ್ಬರೇ ಬಂದಿದ್ದ ಮುದುಕಿ. ಗಂಡ ತೀರಿ ಬಹಳ ಕಾಲವಾಗಿದ್ದ ಆಕೆಯನ್ನು ಎಲ್ಲರೂ ಬಿಳಿಕೆರೆ ಅವ್ವ ಎನ್ನುತ್ತಿದ್ದರು. ಅವರ ಕೊರಳಲ್ಲೂ ಕರಡಿಗೆ, ಅದರಲ್ಲಿ ಲಿಂಗ ಇತ್ತು. “ಗೋಕರ್ಣದಲ್ಲಿ ದೇವ್ರನ್ನ ಎಲ್ಲಾರೂ ಕೈಲಿ ಮುಟ್ಬೋದಂತೆ. ನಮ್ಮನೇಲಿ ಮದ್ವೆ ಚಪ್ಪರಕ್ಕೆ ನನ್ ಕೈ ಬ್ಯಾಡ. ಬಾಣಂತಿಗೆ ಮಡ್ಲು ತುಂಬಾಕೆ ಬ್ಯಾಡ. ಎಲ್ಲಾರ್ಗೂ ಬ್ಯಾಡದ ಕೈನ ಅವ್ನಾರಾ ಬ್ಯಾಡ ಅನ್ನಾಕಿಲ್ವಲ್ಲ, ಒಂದ್ ಸತಿ ಮುಟ್ಬುಟ್ ಬತ್ತೀನಿ. ನಂಗೆ ಬೊಂಬಾಯಿ ಕಾಣ್ದಿದ್ರೂ ಪರ್ವಾಗಿಲ್ಲ.”

ನನಗೆ ಬಸ್ ಹೊರಡಿಸುವ ಆತುರ. ಸರಿ ಸರಿ ಎಂದು ಅವರ ಎಡಗೈ ಹಿಡಿದು ಹಳದಿ ಪಟ್ಟಿ ಕಟ್ಟಿದೆ. ಕಟ್ಟುವಾಗ ಸುತ್ತ ಮಾತು ನಿಂತದ್ದು ಆಮೇಲೆ ಗಮನಕ್ಕೆ ಬಂತು. ಯಜಮಾನರು ಹತ್ತಿರ ಬಂದು ಮೆಲ್ಲಗೆ, “ಬುಕಿಂಗ್ನೋರೇ, ಅರಿಸಿನ ಅಲ್ವೇನ್ರೀ ಅದು? ಆ ಅವ್ವುಂಗೆ…” ಎಂದರು. ಗಂಡ ತೀರಿದ ಹೆಂಗಸಿನ ಮೈಗೆ ಅರಿಸಿನ ಸೋಕಿಸುವುದು ನಮ್ಮ ಕಡೆ ಇಲ್ಲ. ನನಗೆ ರೇಗಿತು. “ಬಣ್ಣ ಯಜಮಾನ್ರೇ, ಬರೀ ಬಣ್ಣ,” ಎಂದೆ. ಅವ್ವ ಮಣಿಕಟ್ಟನ್ನು ಸೆರಗಿನೊಳಗೆ ಎಳೆದುಕೊಂಡು, “ಕಟ್ಟಾಯ್ತಲ್ಲ, ಬುಡಿ,” ಎಂದರು.

ಆಮೇಲೆ ಹಳದಿ ಬೇಕೆಂದವರೆಲ್ಲ ಒಂದು ಥರ ಆಡಲು ಶುರುಮಾಡಿದರು. ಕೆ.ಆರ್. ನಗರದ ಗದ್ದೆ ಬಯಲಿನಿಂದ ಬಂದಿದ್ದ ಗೌಡರು ಚಪ್ಪಲಿ ಕಳಚಿಟ್ಟು, ಮೂಡಲಿಗೆ ಮುಖ ಮಾಡಿ ನಿಂತು, “ಮೂರ್ ಗಂಟು ಆಕಿ,” ಎಂದರು. ಹಾಕಿದೆ. ಅವರ ಹೆಂಡತಿ ಪಟ್ಟಿ ಕಟ್ಟಿಸಿಕೊಂಡು ಕಣ್ಣಿಗೆ ಒತ್ತಿಕೊಂಡರು. ಒಟ್ಟು ಒಂಬತ್ತು ಜನ ಹಳದಿಯವರಾದರು. ಸಮುದ್ರಕ್ಕೆ ಹೊರಟ ಉತ್ಸಾಹ ಇರಬೇಕು ಎಂದುಕೊಂಡು ನಾನು ಬಸ್ಸಿನ ಬಾಗಿಲು ಹಾಕಿಸಿದೆ.

ಕೊಡಗಿನ ಗಡಿಯಲ್ಲಿ ನಮ್ಮ ಬಸ್ಸಿಗೆ ಪರವಾನಗಿ ಇಲ್ಲ. ಇಳಿಸಿ ಬೇರೆ ಬಸ್ಸಿಗೆ ಹತ್ತಿಸಬೇಕು. ಘಟ್ಟ ಇಳಿದ ಮೇಲೆ ಮತ್ತೆ ಇನ್ನೊಂದು. ಪ್ರತಿ ಸಲವೂ ರಾಗಿಹಿಟ್ಟಿನ ಮೂಟೆ, ಪಾತ್ರೆಯ ಕುಕ್ಕೆ, ಚಕ್ಕುಲಿ ಡಬ್ಬ, ನೀರಿನ ಬಿಂದಿಗೆ, ಹಾಸಿಗೆ ಸುರುಳಿ ಇಳಿಸಿ ಹತ್ತಿಸುವಷ್ಟರಲ್ಲಿ ನನ್ನ ಗಂಟಲು ಕಟ್ಟಿಹೋಯಿತು. ಎಚ್.ಡಿ. ಕೋಟೆ ತಾಲ್ಲೂಕಿನ ಎನ್. ಬೇಗೂರಿನಿಂದ ಬಂದಿದ್ದ ಒಬ್ಬ ಮಾತುಗಾರ ಮಾತ್ರ ಕೈಜೋಡಿಸಿದ. ಗಡಿಯಾಚೆ ಶುಂಠಿ ಮಾರುತ್ತ ಮಲೆಯಾಳ ಕಲಿತಿದ್ದವನು. ಮಂಗಳೂರಿನಲ್ಲಿ ಹಡಗು ಹತ್ತಿದ ಅರ್ಧ ಗಂಟೆಯಲ್ಲಿ ಮಲಬಾರಿನ ಖಲಾಸಿಗಳನ್ನೆಲ್ಲ ನೆಂಟರ ಹಾಗೆ ಮಾಡಿಕೊಂಡಿದ್ದ.

ಹಡಗು ಮಂಗಳೂರಿನಲ್ಲೇ ಹೆಂಚು ತುಂಬಿಸುತ್ತ ಕೂತುಬಿಟ್ಟಿತು. ಬೆಳಿಗ್ಗೆ ತದಡಿ ಮುಟ್ಟಬೇಕಾದ್ದು, ಲಂಗರು ಹಾಕುವಾಗ ಮಧ್ಯಾಹ್ನ ತಿರುಗಿತ್ತು. ನಾನು ಹಡಗಿನ ಗುಮಾಸ್ತರ ಹತ್ತಿರ ಓಡಿದೆ. ಮಂಗಳೂರಿನವರು ಅವರು. “ನೋಡಿ ಮಾರಾಯ್ರೇ, ಕತ್ತಲಾಗುವ ಮೊದಲು ನಾವು ಹೊರಡುವುದೇ. ಇಳಿತ ಬಲವಾದ ಮೇಲೆ ದೋಣಿ ಬರುವುದಿಲ್ಲ. ಕಡೇ ದೋಣಿ ತಪ್ಪಿಸಿಕೊಂಡರೆ ಹಡಗು ಕಾಯುವುದಿಲ್ಲ, ಈಗಲೇ ಹೇಳಿದ್ದೇನೆ,” ಎಂದರು.

ಲೆಕ್ಕ ಹಾಕಿದೆ. ಕೋಟೆಗೆ ಉಬ್ಬರದ ಜೊತೆ ಹೊಳೆ ಹತ್ತಿ, ಒಂದು ಸುತ್ತು ಹಾಕಿ, ನೀರು ತಿರುಗುತ್ತಿದ್ದಂತೆ ಇಳಿದುಬಂದರೆ ಕಡೇ ದೋಣಿ ಸಿಗುತ್ತದೆ. ಗೋಕರ್ಣಕ್ಕೆ ಎತ್ತಿನ ಗಾಡಿ ಹೋಗುವುದರಲ್ಲೇ ಹೊತ್ತು ಮುಳುಗುತ್ತದೆ. ಗೋಕರ್ಣ ಬಿಡಬೇಕು, ಎಲ್ಲರನ್ನೂ ಕೋಟೆಗೆ ಕಳಿಸಬೇಕು, ಬೇರೆ ದಾರಿಯೇ ಇರಲಿಲ್ಲ. ಜನ ಬೇಸರ ಮಾಡಿಕೊಳ್ಳುತ್ತಾರೆ, ಎರಡು ಮಾತು ಅನ್ನುತ್ತಾರೆ, ಅನ್ನಿಸಿಕೊಂಡರಾಯಿತು ಎಂದು ಧೈರ್ಯ ತಂದುಕೊಂಡೆ.

ದಡದಲ್ಲಿ ಒಂದು ಮಾವಿನ ಮರ, ಅದರ ಕೆಳಗೆ ನಾನು ಹೇಳಿದ್ದ ಗಾಡಿಗಳು ಬೆಳಗಿನಿಂದ ಕಾಯುತ್ತ ನಿಂತಿದ್ದವು. ಅಲ್ಲೇ ಎಲ್ಲರನ್ನೂ ಸೇರಿಸಿ ವಿಷಯ ಹೇಳಿದೆ. “ಹಳದಿಯವರು ಪಟ್ಟಿ ಬಿಚ್ಚಿ ಕೊಡಿ. ನೀಲಿಯವರ ಜೊತೆ ಹೊರಡಿ, ದೋಣಿ ಕಾಯ್ತಿದೆ.”

ಯಾರೂ ಅಲುಗಾಡಲಿಲ್ಲ. ಕೆ.ಆರ್. ನಗರದ ಗೌಡರು ನನ್ನನ್ನು ಮೇಲಿಂದ ಕೆಳಗೆ ನೋಡಿದರು. “ಬಿಚ್ಚೋದು ಅಂದ್ರೆ ಏನ್ರೀ? ಕಂಕಣ ಕಟ್ಟಿವ್ರಿ ನೀವು.”

“ಕಂಕಣ ಅಲ್ಲ ಗೌಡ್ರೇ. ಗುರುತಿನ ಪಟ್ಟಿ.”

“ಅರಿಸಿನದ ಬಟ್ಟೆ, ಮೂರ್ ಗಂಟು, ಮೂಡ್ಲ ಮೊಕ. ಕಂಕಣಕ್ಕೆ ಇನ್ನೇನ್ರೀ ಬೇಕು? ಕಟ್ಟುವಾಗ ಎಲ್ಗೆ ಅಂತ ಕೇಳುದ್ರಿ, ಗೋಕರ್ಣ ಅಂದೋ, ಕಟ್ಟುದ್ರಿ. ಕೆಲ್ಸ ಮುಗೀದೆ ಬಿಚ್ಚಿ, ನಾಳೆ ಮನೇಲಿ ಏನಾರ ಎಚ್ಚುಕಮ್ಮಿ ಆದ್ರೆ ನೀವ್ ಬಂದ್ ನಿಂತ್ಕತೀರಾ?”

ಮದುವೆಗೆ, ಹಬ್ಬಕ್ಕೆ, ಹರಕೆಗೆ ಕಂಕಣ ಕಟ್ಟಿಕೊಂಡವರು ಹಿಡಿದ ಕೆಲಸ ಮುಗಿಯುವವರೆಗೆ ಅದನ್ನು ಬಿಚ್ಚುವುದಿಲ್ಲ ಎನ್ನುವುದು ನನಗೆ ಗೊತ್ತಿಲ್ಲದ್ದೇನಲ್ಲ, ಹುಟ್ಟಿದಾಗಿನಿಂದ ನೋಡಿದ್ದೇನೆ. ನೀಲಿಯನ್ನೂ ಬಿಳಿಯನ್ನೂ ಜನ ಬಟ್ಟೆಚೂರು ಎಂದುಕೊಂಡರು, ಹಳದಿಯನ್ನು ದೇವರ ಕೆಲಸ ಎಂದುಕೊಂಡರು. ಕಟ್ಟಿದವನು ನಾನೇ. ಅವರು ಚಪ್ಪಲಿ ಬಿಟ್ಟು ನಿಂತಾಗಲೂ ಗೊತ್ತಾಗದಿದ್ದವನೂ ನಾನೇ.

“ಹಾಗಾದರೆ ಕಟ್ಟಿಕೊಂಡೇ ಹಡಗು ಹತ್ತಿ. ಗೋಕರ್ಣ ಇನ್ನೊಂದು ಸಲ ನೋಡಿದರಾಯಿತು,” ಎಂದೆ.

“ಕಂಕಣ ಕಟ್ಕಂಡು, ಬಾಗ್ಲಿಗೆ ಬಂದು, ದೇವ್ರಿಗೆ ಬೆನ್ ತೋರ್ಸೋದಾ?” ಎಂದರು ಗೌಡರ ಹೆಂಡತಿ. ಒಂಬತ್ತು ಜನವೂ ಮರದ ಬುಡದಲ್ಲಿ ಕೂತುಬಿಟ್ಟರು.

ನಾನು ಕೂಗಾಡಿದೆ. ಹಡಗು ಹೋಗಿಬಿಟ್ಟರೆ ನಿಮ್ಮ ಬೊಂಬಾಯಿ ಹೋಯಿತು, ನಿಮ್ಮ ಗಂಟುಮೂಟೆಯೆಲ್ಲ ಅದರಲ್ಲಿದೆ, ನನ್ನ ಕೆಲಸ ಹೋಯಿತು, ಸಾಹುಕಾರರು ನನ್ನನ್ನು ಸುಮ್ಮನೆ ಬಿಡುತ್ತಾರಾ ಎಂದು ಬಾಯಿಗೆ ಬಂದದ್ದೆಲ್ಲ ಹೇಳಿದೆ. ಅವ್ವ ಬಲಗೈಯಿಂದ ಎಡಗೈ ಮಣಿಕಟ್ಟನ್ನು ಮುಚ್ಚಿಕೊಂಡು ಕೂತಿದ್ದರು. ನಾನು ಉಸಿರು ತೆಗೆದುಕೊಳ್ಳಲು ನಿಂತಾಗ, “ನೀ ಓಗಪ್ಪ,” ಎಂದರು. “ನಿನ್ ಜನಾನ ಕರ್ಕಂಡು ಬೊಂಬಾಯಿಗೆ ಓಗು. ನಾವು ದಾರಿ ಕೇಳ್ಕಂಡು ಓಯ್ತೀವಿ. ನಿನ್ ಮ್ಯಾಲೆ ಏನೂ ತಪ್ಪು ಒರ್ಸಾಕಿಲ್ಲ.” ಅವರು ಬೈದಿದ್ದರೆ ಚೆನ್ನಾಗಿತ್ತು. ಈ ಮಾತಿಗೆ ನನಗೆ ಇನ್ನೂ ಸಿಟ್ಟು ಬಂತು.

ಅಷ್ಟು ಹೊತ್ತಿಗೆ ಬೇಗೂರಿನವನು ಓಡಿಬಂದ. “ಅಣ್ಣಾ, ಲಾರಿ ಸಿಕ್ತು! ಗೋಕರ್ಣದ ಮ್ಯಾಲೇ ಓಯ್ತದಂತೆ. ಓಗಿ ಮುಟ್ಟಿ ಇಂದಕ್ ಬಂದ್ಬುಡ್ಬೋದು, ದೋಣಿನೂ ಸಿಕ್ತದೆ!” ನನಗೆ ಹೋದ ಜೀವ ಬಂದಂತಾಯಿತು. ಇಬ್ಬರೂ ದಡದ ಸರಕಿನ ಉಗ್ರಾಣದ ಹಿಂದಕ್ಕೆ ಓಡಿದೆವು. ಲಾರಿ ಇತ್ತು, ಡ್ರೈವರೂ ಇದ್ದ, ತಿರುಗಿ ಕರೆತಂದು ಬಿಡಲೂ ಒಪ್ಪಿದ. ಆದರೆ ಹತ್ತು ಮಾರು ದೂರದಿಂದಲೇ ಮೂಗು ಮುಚ್ಚಿಕೊಳ್ಳಬೇಕಾಯಿತು. ಲಾರಿಯ ತುಂಬ ಒಣಮೀನಿನ ಮೂಟೆ.

ಆದರೂ ಹೋಗಿ ಕೇಳಿದೆ. ಕೇಳಬೇಕಾದ್ದು ನನ್ನ ಕರ್ಮ. ಮೂಟೆಯ ಮೇಲೆ ಗೋಣಿತಾಟು ಹಾಸಿಸುತ್ತೇನೆ, ಅದರ ಮೇಲೆ ಜಮಖಾನ ಹಾಸಿಸುತ್ತೇನೆ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದೆಲ್ಲ ಬೇಡಿಕೊಂಡೆ. ಲಿಂಗ ಕಟ್ಟಿದ ಆ ಜನ ನನ್ನನ್ನು ಹುಚ್ಚನನ್ನು ನೋಡುವ ಹಾಗೆ ನೋಡಿದರು. “ಮೀನಿನ್ ಮ್ಯಾಲೆ ಕುಂತ್ಕಂಡು ದೇವ್ರತಾಕೆ ಓಗದಾ?” ಎಂದರು ಗೌಡರು. ಲಾರಿ ನಮ್ಮ ಮುಂದೆಯೇ ಧೂಳೆಬ್ಬಿಸಿಕೊಂಡು ಗೋಕರ್ಣದ ದಾರಿ ಹಿಡಿಯಿತು. ಅದನ್ನು ನೋಡುತ್ತ ನಿಂತಾಗ ನನಗೆ ಅಳು ಬರುವುದೊಂದು ಬಾಕಿ.

ಉಳಿದದ್ದು ಪಿರಿಯಾಪಟ್ಟಣದ ಯಜಮಾನರು. ಆ ನೀಲಿ ಪಟ್ಟಿಯವರು ಗುಡಿಯೇ ಬೇಡ ಎಂದವರಲ್ಲವೇ, ಅವರ ಮಾತಿಗೆ ಜನ ಬೆಲೆ ಕೊಡುತ್ತಾರೆ, ಇದು ಬರೀ ಬಟ್ಟೆ ಎಂದು ಅವರ ಬಾಯಿಂದ ಒಂದು ಮಾತು ಬಂದರೆ ಸಾಕು ಎಂದು ಅವರನ್ನು ಕರೆದುಕೊಂಡು ಬಂದೆ. ಅವರು ಬಾಗಿ ಅವ್ವನ ಕೈಯನ್ನು ಮುಟ್ಟದೆ ನೋಡಿದರು. ಗಂಟನ್ನೂ ನೋಡಿದರು.

“ನಂಗೆ ಗುಡಿ ಬ್ಯಾಡ,” ಎಂದರು. “ಆದ್ರೆ ಕಟ್ಟಿದ್ದು ಕಟ್ಟಿದ್ದೇ ಕಣ್ರೀ. ಅದ್ರಲ್ಲೂ ಈ ಅವ್ವುಂಗೆ ನೀವು ಅರಿಸಿನ ಕಟ್ಟಿವ್ರಿ. ನಾನು ಬ್ಯಾಡ ಅಂದೆ, ನೀವು ಕೇಳ್ನಿಲ್ಲ. ಈಗ ನೀವೇ ಅದ್ನ ಕಿತ್ಕೊಂಡ್ರೆ ಆ ಕೈನ ಎಲ್ಲಾರ್ ಮುಂದೆ 'ನಿಂಗಲ್ಲ' ಅಂದಂಗಾಯ್ತದೆ. ಅದು ಬ್ಯಾಡ.” ಹೇಳಿ, ಕೋಟೆಯ ದೋಣಿ ಹತ್ತಲು ಹೋದರು.

ನಾನು ನೀರಿನ ಅಂಚಿನವರೆಗೆ ನಡೆದು ನಿಂತೆ. ಉಬ್ಬರ ಇನ್ನೂ ಏರುತ್ತಿತ್ತು. ದೂರದಲ್ಲಿ ಹಡಗಿನ ಹೊಗೆ ಕಾಣುತ್ತಿತ್ತು. ಆ ಹಡಗಿನಲ್ಲಿ ಬೊಂಬಾಯಿಗೆ ಹೋಗಬೇಕಾದವರು ಇಪ್ಪತ್ತಕ್ಕೂ ಹೆಚ್ಚು ಜನ. ಈ ದಡದಲ್ಲಿ ಒಂಬತ್ತು. ಯಾರನ್ನು ಬಿಟ್ಟರೂ ನಾನು ಕೆಟ್ಟೆ. ಹಡಗಿನವರಿಗೆ ಟಿಕೆಟ್ ಇದೆ, ರೈಲಿನ ಏರ್ಪಾಟಿದೆ, ಬೊಂಬಾಯಿಯಲ್ಲಿ ಇಳಿಯುವ ಛತ್ರ ಗೊತ್ತಿದೆ. ಈ ಒಂಬತ್ತು ಜನಕ್ಕೆ ಇರುವುದು ನಾನು ಕಟ್ಟಿದ ಪಂಚೆಯ ಚೂರು. ಇನ್ನೂ ಏನೇನೋ ಯೋಚನೆ ಮಾಡಿದೆ. ಎಲ್ಲಿಂದ ಶುರುಮಾಡಿದರೂ ಅಲ್ಲಿಗೇ ಬಂದು ನಿಲ್ಲುತ್ತಿತ್ತು.

ಬೇಗೂರಿನವನನ್ನು ಕರೆದು ಟಿಕೆಟ್ಟಿನ ಚೀಲವನ್ನು ಅವನ ಕೊರಳಿಗೆ ಹಾಕಿದೆ. “ಅವರನ್ನೆಲ್ಲ ನೀನು ಬೊಂಬಾಯಿಗೆ ಕರ್ಕೊಂಡು ಹೋಗು. ತಿರುಗಿ ರೈಲು ಹತ್ತಿಸಿ ಊರಿಗೆ ಕರ್ಕೊಂಡು ಬಾ.”

ಅವನ ಮುಖ ಬಿಳಿಚಿಕೊಂಡಿತು. “ನಾನಾ? ಅಣ್ಣೋ, ನಾನು ರೈಲೇ ಅತ್ತಿಲ್ಲ ಕಣಣ್ಣ.”

“ಹಡಗು ಹತ್ತಿದ್ದೆಯಾ ಇದಕ್ಕೆ ಮುಂಚೆ?”

“ಇಲ್ಲ.”

“ಹಾಗೇ ಇದೂ,” ಎಂದೆ. ನನಗೇ ನನ್ನ ಮಾತಿನಲ್ಲಿ ನಂಬಿಕೆ ಇರಲಿಲ್ಲ.

ಗಾಡಿಯವನು ಎತ್ತು ಕಟ್ಟುತ್ತ, “ಅಡ್ಡಿಲ್ಲ, ಹತ್ತಿ,” ಎಂದ. ಇನ್ನೇನು ಗೋಕರ್ಣ ಬಂತು ಎನ್ನುವಷ್ಟರಲ್ಲಿ ಹಡಗಿನ ಕೂಗು ಕೇಳಿಸಿತು. ಗಾಡಿಯಲ್ಲಿ ಯಾರೂ ತಿರುಗಿ ನೋಡಲಿಲ್ಲ, ನನ್ನನ್ನು ಬಿಟ್ಟು. ರಾಗಿಹಿಟ್ಟು, ಪಾತ್ರೆ, ಹಾಸಿಗೆ, ನಾನು ಬೊಂಬಾಯಿಯಲ್ಲಿ ಹಾಕಿಕೊಳ್ಳಬೇಕೆಂದು ಇಸ್ತ್ರಿ ಮಾಡಿಸಿ ಇಟ್ಟಿದ್ದ ಅಂಗಿ, ಎಲ್ಲ ಅದರ ಜೊತೆ ಹೊರಟುಹೋದವು.

ಗೋಕರ್ಣ ಮುಟ್ಟುವಾಗ ದೀಪ ಹಚ್ಚಿದ್ದರು. ಛತ್ರದ ಜಗಲಿಯಲ್ಲಿ ಬರೀ ನೆಲದ ಮೇಲೆ ಮಲಗಿದೆವು. ಬೆಳಿಗ್ಗೆ ಸಮುದ್ರಸ್ನಾನ ಮಾಡಿಬಂದು, ಬಾವಿಯ ನೀರು ಸೇದಿ, ಅವ್ವ ಮೊದಲು ಅಂಗೈಯಲ್ಲಿ ಲಿಂಗ ಇಟ್ಟುಕೊಂಡು ಪೂಜೆ ಮುಗಿಸಿದರು. ಯಜಮಾನರ ಮಾತು ನೆನಪಾಗಿ ನಾನು ಕುಟುಕಿದೆ: “ಇದಿರುವಾಗ ಅದ್ಯಾಕವ್ವ?”

“ಇದು ನಮ್ಮನೇದು. ಅದು ನೆಂಟ್ರ ಮನೇದು,” ಎಂದರು. “ನೆಂಟ್ರ ಮನೆಗೂ ಒಂದ್ಸತಿ ಓಗ್ಬೇಕಲ್ವೇನಪ್ಪ.”

ಗುಡಿಯೊಳಗೆ ಸಾಲು ದೊಡ್ಡದಿತ್ತು. ನಾವು ಗಂಡಸರು ಅಂಗಿ ತೆಗೆದು ಹಿಂದೆ ನಿಂತೆವು. ಅವ್ವ ನನ್ನ ಮುಂದೆ ಇದ್ದರು. ಸರದಿ ಬಂದಾಗ ನಿಂತುಬಿಟ್ಟರು. ಕೈ ಮುಂದೆ ಬರಲಿಲ್ಲ. ಅರ್ಚಕರಿಗೆ, “ಬುದ್ಧೀ, ನಾನು ಮುಟ್ಬೋದಾ?” ಎಂದು ಕೇಳಿದರು. ಅರ್ಚಕರು ತಲೆಯನ್ನೂ ಎತ್ತಲಿಲ್ಲ. “ಮುಟ್ಟಿ, ಮುಟ್ಟಿ, ಬೇಗ ಮುಟ್ಟಿ, ಹಿಂದೆ ಜನ ಇದ್ದಾರೆ,” ಎಂದರು. ಅವ್ವ ಬಗ್ಗಿ ಕೈಯಿಟ್ಟರು, ಹಳದಿ ಪಟ್ಟಿಯಿದ್ದ ಕೈಯನ್ನೇ. ಎಷ್ಟು ಹೊತ್ತು ಇಟ್ಟರೋ, ಹಿಂದಿನವರು ಗೊಣಗಿದರು. ನಾನು ಹಿಂದಕ್ಕೆ ತಿರುಗಿ ಅವರ ಮೇಲೆ ರೇಗಿದೆ.

ಆಚೆ ಬಂದ ಮೇಲೆ ಆ ಕೈಯನ್ನು ತಾವೇ ನೋಡಿಕೊಳ್ಳುತ್ತ, “ತಣ್ಣಗದೆ ಕಣಪ್ಪ,” ಎಂದರು.

ಕಂಕಣ ಕಟ್ಟಿದವನೇ ಬಿಚ್ಚಬೇಕಂತೆ. ಗುಡಿಯ ಮುಂದಿನ ಕಟ್ಟೆಯ ಮೇಲೆ ಒಂಬತ್ತು ಜನ ಸಾಲಾಗಿ ಕೂತು ಕೈ ಚಾಚಿದರು. ಉಪ್ಪುನೀರು ಕುಡಿದು ಗಂಟುಗಳು ಕಲ್ಲಾಗಿದ್ದವು. ಉಗುರು ಸವೆದು, ಕೊನೆಗೆ ಗೌಡರ ಹೆಂಡತಿಯ ಸೇಫ್ಟಿ ಪಿನ್ನು ಇಸಕೊಂಡು ಒಂದೊಂದನ್ನೇ ಬಿಡಿಸಿದೆ. ಕೂತ ಕೂತಲ್ಲೇ ಗೊಣಗುತ್ತಿದ್ದೆ: ಹಡಗು ಎಲ್ಲಿಗೆ ಹೋಯಿತೋ, ಆ ಬೇಗೂರಿನವನು ಆ ಜನವನ್ನು ಯಾವ ಸಂತೆಯಲ್ಲಿ ಕಳೆದನೋ, ನಾನು ಸಾಹುಕಾರರಿಗೆ ಯಾವ ಮುಖ ತೋರಿಸಲಿ. ಅವ್ವನ ಗಂಟು ಕಡೆಯದು. ಬಿಚ್ಚಿದ ಮೇಲೆ ಪಟ್ಟಿಯನ್ನು ಅವರು ನನ್ನ ಕೈಯಿಂದ ತೆಗೆದುಕೊಂಡರು. ಎಳೆದು ಸರಿಮಾಡಿ, ನನ್ನ ಬಲಗೈಗೆ ಸುತ್ತಿ ಕಟ್ಟಿದರು. ಮೂರು ಗಂಟು ಹಾಕಿದರು.

“ಇದ್ಯಾಕವ್ವ ಈಗ?” ಎಂದೆ.

“ಆ ಜನಾನೂ ಈ ಜನಾನೂ ಎಲ್ಲಾರೂ ಮನೆ ಸೇರೋಗಂಟ ಬಿಚ್ಬ್ಯಾಡ. ಆಮ್ಯಾಲೆ ಬಾ, ನಾನ್ ಬಿಚ್ತೀನಿ.”

ಬಸ್ಸಿನಲ್ಲಿ ಘಟ್ಟ ಹತ್ತಿ ಹುಬ್ಬಳ್ಳಿ, ಅಲ್ಲಿಂದ ರೈಲು. ಅರಸೀಕೆರೆಯಲ್ಲಿ ಬದಲಾಯಿಸಿದೆವು. ಕೆ.ಆರ್. ನಗರದಲ್ಲಿ ಗೌಡರು ಹೆಂಡತಿಯೊಡನೆ ಇಳಿದು, ನನಗೆ ಕೈ ಮುಗಿದು ಹೋದರು. ಮೈಸೂರಿನಿಂದ ಬಸ್ಸಿನಲ್ಲಿ ಬರುತ್ತ ಬಿಳಿಕೆರೆಯಲ್ಲಿ ಅವ್ವನನ್ನು ಇಳಿಸಿದೆ. ಹುಣಸೂರಿನಲ್ಲಿ ನಾನು ಇಳಿದಾಗ ಸಾಹುಕಾರರು ಬಸ್ ಸ್ಟ್ಯಾಂಡಿನಲ್ಲೇ ನಿಂತಿದ್ದರು. ಬೊಂಬಾಯಿಯಲ್ಲಿರಬೇಕಾದವನು ಇಲ್ಲಿ ಹೇಗೆ ಎಂದು ಕೇಳಿದರು. ಆದದ್ದೆಲ್ಲ ಹೇಳಿದೆ. ಹತ್ತು ಜನರ ಎದುರಿಗೆ, “ಬಟ್ಟೆ ಚೂರಿಗೆ ಹೆದರಿ ಹಡಗು ಬಿಟ್ಟು ಬಂದ್ರೇನ್ರೀ?” ಎಂದರು. ಮಾರನೇ ದಿನ ನಾನು ಮತ್ತೆ ಕಿಟಕಿಯಲ್ಲಿ ಕೂತೆ.

ಕಂಬಿಯ ಸಂದಿಯಿಂದ ಟಿಕೆಟ್ ಕೊಡುವಾಗಲೆಲ್ಲ ಆ ಹಳದಿ ಕಣ್ಣಿಗೆ ಬೀಳುತ್ತಿತ್ತು. ಮೈಸೂರಿನ ಕಡೆಯಿಂದ ಬಸ್ ಬಂದಾಗಲೆಲ್ಲ ಎದ್ದು ನೋಡುತ್ತಿದ್ದೆ. ಒಂದು ಸಂಜೆ ಬಸ್ಸಿನ ಮೇಲಿಂದ ನಮ್ಮ ರಾಗಿಹಿಟ್ಟಿನ ಮೂಟೆ ಮೊದಲು ಇಳಿಯಿತು. ಆಮೇಲೆ ಬೇಗೂರಿನವನು. ಅವನ ಹಿಂದೆ ಒಬ್ಬೊಬ್ಬರಾಗಿ ಎಲ್ಲರೂ ಇಳಿದರು. ಪಿರಿಯಾಪಟ್ಟಣದ ಯಜಮಾನರು ಬೊಂಬಾಯಿಯ ಎರಡು ಮಾಳಿಗೆಯ ಬಸ್ಸಿನ ಬಗ್ಗೆ ಯಾರಿಗೋ ವಿವರಿಸುತ್ತಲೇ ಇಳಿದರು. ಬೇಗೂರಿನವನು ಟಿಕೆಟ್ಟಿನ ಚೀಲವನ್ನು ಕಿಟಕಿಯಿಂದ ಒಳಗೆ ತೂರಿಸಿ, “ಒಂದ್ ಜೀವಾನೂ ಕಳೀನಿಲ್ಲ ಕಣಣ್ಣ,” ಎಂದ. ನಿನ್ನನ್ನು ಬೈದುಕೊಳ್ಳುತ್ತಿದ್ದೆ ಎಂದು ನಾನು ಹೇಳಲಿಲ್ಲ. ಸಾಹುಕಾರರು ಅವನ ಬೆನ್ನು ತಟ್ಟಿದರು. ಟೂರಿನ ಮಾತು ಮಾತ್ರ ಮತ್ತೆ ಎತ್ತಲಿಲ್ಲ. ನಾನೇ ಒಂದು ದಿನ ಎತ್ತಿದಾಗ, “ಸಾಕ್ರೀ ಆ ಸಾವಾಸ,” ಎಂದುಬಿಟ್ಟರು.

ಎಲ್ಲರೂ ಅವರವರ ಮನೆ ಸೇರಿದ್ದಾರೆ ಎಂದು ಖಾತ್ರಿ ಮಾಡಿಕೊಂಡು, ಒಂದು ರಜದ ದಿನ ಬಿಳಿಕೆರೆಗೆ ಹೋದೆ. ಅವ್ವನ ಮನೆ ರಸ್ತೆಯ ಅಂಗಡಿಗಳ ಹಿಂದಿನ ಓಣಿಯಲ್ಲಿತ್ತು. ಜಗಲಿಯಲ್ಲಿ ಸೊಸೆ ಅವರೆಕಾಯಿ ಬಿಡಿಸುತ್ತಿದ್ದಳು. ಅವ್ವ ಒಳಗಿಂದ ಬಂದು ಪಕ್ಕದಲ್ಲಿ ಕೂರಿಸಿಕೊಂಡು ನನ್ನ ಕೈ ಹಿಡಿದರು.

“ಎಲ್ಲಾರೂ ಬಂದ್ರಾ?”

“ಬಂದರು ಅವ್ವ. ಒಬ್ಬರೂ ತಪ್ಪಿಲ್ಲ.”

ಅವರು ಪಿನ್ನು ಕೇಳಲಿಲ್ಲ. ಒಂದು ಗಂಟು ಬಿಡಿಸಿ, “ಮುಂದಿನ್ ಸತಿ ಎಲ್ಗೆ ಕರ್ಕಂಡೋಯ್ತೀಯಪ್ಪ?” ಎಂದು ಕೇಳಿದರು.

“ಮುಂದಿನ ಸಲ ಇಲ್ಲವ್ವ. ಸಾಹುಕಾರರು ನಿಲ್ಲಿಸಿಬಿಟ್ಟರು.” ಅಷ್ಟು ದಿನ ಸಿಟ್ಟಿನ ಕೆಳಗೆ ಅದುಮಿಟ್ಟುಕೊಂಡಿದ್ದ ದುಃಖ ಅಲ್ಲಿ ಆ ಜಗಲಿಯ ಮೇಲೆ ಬಂತು. ಅವ್ವ ಎರಡನೆಯ ಗಂಟು ಬಿಡಿಸಿದರು, ಮೂರನೆಯದನ್ನೂ ಬಿಡಿಸಿದರು. ಬಣ್ಣ ಮಾಸಿ, ಅಂಚು ಬಿಟ್ಟುಕೊಂಡಿದ್ದ ಪಟ್ಟಿಯನ್ನು ತೊಡೆಯ ಮೇಲೆ ಹರಡಿ ನೀವಿದರು. ಆಮೇಲೆ ಒಳಗೆ ಹೋಗಿ, ಅಡಿಗೆಮನೆಯಿಂದ ಒಂದು ಬಟ್ಟಲು ತಂದರು. ಸೊಸೆಯ ಕೈ ಅವರೆಕಾಯಿಯ ಮೇಲೆ ನಿಂತಿತು. ಬಟ್ಟಲಲ್ಲಿ ಅರಿಸಿನ ಕದಡಿದ್ದರು. ಪಟ್ಟಿಯನ್ನು ಅದರಲ್ಲಿ ಅದ್ದಿ, ಹಿಂಡಿ, ನನ್ನ ಕೈಗೆ ಕೊಟ್ಟು, ತಮ್ಮ ಎಡಗೈಯನ್ನು ಚಾಚಿದರು.

“ಕಟ್ಟು.”

“ಎಲ್ಲಿಗೆ ಅಂತ ಕಟ್ಟಲಿ ಅವ್ವ?” ಎಂದೆ.

“ಎಲ್ಗಾರಾ ಕಟ್ಟು.”

ಚಪ್ಪಲಿ ಬಿಟ್ಟು, ಮೂಡಲು ಯಾವ ಕಡೆ ಎಂದು ಸೊಸೆಯನ್ನು ಕೇಳಿ, ಅವ್ವನನ್ನು ಆ ಕಡೆ ತಿರುಗಿಸಿ ಕೂರಿಸಿ ಕಟ್ಟಿದೆ. ಈ ಸಲ ಯಾವ ಆತುರವೂ ಇರಲಿಲ್ಲ.